ಕಿಲೋನೋವಾದ ಬೆಳಕಿಗೊಂದು ಗೇಜ್: ಮನೆಯ ಲ್ಯಾಪ್‌ಟಾಪಿನಲ್ಲಿ ಯಂತ್ರ ಕಲಿಕೆಯ ಮಾದರಿ ಕಟ್ಟುವ ಬಗೆ

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಬಂಡೆ ಒಡೆದು ತೆಗೆಯುವ ಚಿನ್ನ ಭೂಮಿಯಲ್ಲಿ ಹುಟ್ಟಿದ್ದಲ್ಲ. ಭೂಮಿ ರೂಪುಗೊಳ್ಳುವ ಮೊದಲೇ, ನ್ಯೂಟ್ರಾನ್‌ಗಳು ಕಿಕ್ಕಿರಿದಿದ್ದ ಯಾವುದೋ ಸ್ಫೋಟದಲ್ಲಿ ತಯಾರಾಗಿ, ಅಂತರಿಕ್ಷದ ಧೂಳಿನೊಡನೆ ಇಲ್ಲಿಗೆ ಬಂದು ಸೇರಿದ್ದು. ನಕ್ಷತ್ರಗಳ ಒಡಲಿನಲ್ಲಿ ನಡೆಯುವ ಬೈಜಿಕ ಸಮ್ಮಿಲನವು ಕಬ್ಬಿಣದ ಆಸುಪಾಸಿಗೆ ಬಂದು ನಿಂತುಬಿಡುತ್ತದೆ. ಅದಕ್ಕಿಂತ ಭಾರವಾದ ಧಾತುಗಳಲ್ಲಿ ಸುಮಾರು ಅರ್ಧದಷ್ಟು, ಚಿನ್ನವೂ ಸೇರಿದಂತೆ, ಪರಮಾಣು ಬೀಜಗಳು ನ್ಯೂಟ್ರಾನ್‌ಗಳನ್ನು ಅತಿ ವೇಗವಾಗಿ ನುಂಗುವ ಆರ್-ಪ್ರಕ್ರಿಯೆಯಿಂದ ಹುಟ್ಟುತ್ತವೆ. ಅಂಥದ್ದೊಂದು ಕುಲುಮೆ ಉರಿಯುವುದನ್ನು ಖಗೋಳಜ್ಞರು 2017ರ ಆಗಸ್ಟ್‌ನಲ್ಲಿ ನೋಡಿದರು. ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾಗಿ ಒಂದಾದಾಗ ಹೊರಚಿಮ್ಮಿದ ವಸ್ತು ಕೆಲವು ದಿನ ಬೆಳಗಿ ಆರುತ್ತದೆ. ಆ ಬೆಳಕಿಗೆ ಕಿಲೋನೋವಾ ಎಂದು ಹೆಸರು.

ಆ ಬೆಳಕನ್ನು ನೋಡಿ ಎಷ್ಟು ವಸ್ತು ಚಿಮ್ಮಿತು, ಎಷ್ಟು ವೇಗದಲ್ಲಿ ಚಿಮ್ಮಿತು, ಅದರಲ್ಲಿ ಏನೇನಿತ್ತು ಎಂದು ಲೆಕ್ಕ ಹಾಕುವುದಕ್ಕೆ ಯಂತ್ರ ಕಲಿಕೆಯನ್ನು ಹೇಗೆ ಬಳಸಬೇಕು ಎಂಬುದನ್ನು ಈ ಲೇಖನ ಹಂತ ಹಂತವಾಗಿ ವಿವರಿಸುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಬಿಎಸ್ಸಿ, ಎಂಎಸ್ಸಿ ಹಾಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆಯಲು ಬಂದರೆ ಮತ್ತು 8 ಜಿಬಿ ಮೆಮೊರಿಯ ಲ್ಯಾಪ್‌ಟಾಪ್ ಒಂದಿದ್ದರೆ ಸಾಕು. ಸೂಪರ್ ಕಂಪ್ಯೂಟರ್ ಬೇಕಿಲ್ಲ.

ಮೊದಲು ಬೆಳಕಿನ ಸ್ವಭಾವ ತಿಳಿಯಿರಿ

2017ರ ಆಗಸ್ಟ್ 17ರಂದು ಭಾರತೀಯ ಕಾಲಮಾನ ಸಂಜೆ 6 ಗಂಟೆ 11 ನಿಮಿಷಕ್ಕೆ ಲೈಗೋ ಮತ್ತು ವರ್ಗೋ ಉಪಕರಣಗಳಿಗೆ ತಲುಪಿದ ಗುರುತ್ವ ಅಲೆಗಳಿಗೆ ಜಿಡಬ್ಲ್ಯು170817 ಎಂದು ಹೆಸರಿಡಲಾಯಿತು. ಸುಮಾರು 1.7 ಸೆಕೆಂಡುಗಳ ಬಳಿಕ ಫರ್ಮಿ ಉಪಗ್ರಹವು ಗಾಮಾ ಕಿರಣಗಳ ಒಂದು ಕಿರು ಮಿಂಚನ್ನು ದಾಖಲಿಸಿತು. ಸುಮಾರು 11 ಗಂಟೆಗಳ ಬಳಿಕ, ಚಿಲಿಯಲ್ಲಿ ಕತ್ತಲಾದಾಗ, ಅಲ್ಲಿನ ಸ್ವೋಪ್ ದೂರದರ್ಶಕವು ಎನ್‌ಜಿಸಿ 4993 ಎಂಬ ಗೆಲಾಕ್ಸಿಯಲ್ಲಿ ಹೊಸದೊಂದು ಬೆಳಕಿನ ಚುಕ್ಕೆಯನ್ನು ಕಂಡಿತು. ಅದೇ ಎಟಿ2017ಜಿಎಫ್‌ಒ ಎಂದು ಹೆಸರಾದ ಕಿಲೋನೋವಾ. ಅಲೆ ತಲುಪಿದ ಹೊತ್ತಿಗೆ ಆ ಗೆಲಾಕ್ಸಿ ರಾಯಚೂರಿನ ನೈಋತ್ಯ ಆಕಾಶದಲ್ಲಿ, ದಿಗಂತದಿಂದ ಸುಮಾರು 37 ಡಿಗ್ರಿ ಮೇಲಿತ್ತು ಎಂಬುದನ್ನು ಲೆಕ್ಕ ಹಾಕಿ ನೋಡಿದಾಗ ನನಗೆ ರೋಮಾಂಚನವಾಗಿತ್ತು. ಆಗಿನ್ನೂ ಸೂರ್ಯ ಮುಳುಗಿರಲಿಲ್ಲ ಎಂಬುದು ಬೇರೆ ಮಾತು.

ಈ ಬೆಳಕಿನ ಮೂಲ ವಿಕಿರಣಶೀಲ ಕ್ಷಯ. ಹೊಸದಾಗಿ ಹುಟ್ಟಿದ ಅಸ್ಥಿರ ಬೀಜಗಳು ಕೊಳೆಯುತ್ತ ಶಾಖ ಬಿಡುತ್ತವೆ, ಮತ್ತು ಆ ಶಾಖದ ದರ ಕಾಲದ ಮೈನಸ್ 1.3ನೇ ಘಾತದಂತೆ ಇಳಿಯುತ್ತದೆ. ಅಂದರೆ ಮೊದಲ ದಿನ ಇದ್ದ ದರ ಹತ್ತನೇ ದಿನದ ಹೊತ್ತಿಗೆ ಇಪ್ಪತ್ತನೇ ಒಂದು ಭಾಗಕ್ಕೆ ಬರುತ್ತದೆ. ಹುಟ್ಟಿದ ಶಾಖವೆಲ್ಲ ತಕ್ಷಣ ಹೊರಬರುವುದಿಲ್ಲ. ಬೆಳಕು ಹೊರಬರಲು ತೆಗೆದುಕೊಳ್ಳುವ ಕಾಲವು ಚಿಮ್ಮಿದ ರಾಶಿ, ಅದರ ವೇಗ ಮತ್ತು ಅಪಾರದರ್ಶಕತೆ ಎಂಬ ಮೂರು ನಿಯತಾಂಕಗಳನ್ನು ಅವಲಂಬಿಸಿದೆ. ಮೂರನೆಯದನ್ನು ಚೆನ್ನಾಗಿ ಅರ್ಥಮಾಡಿಕೊಳ್ಳಬೇಕು. ಲ್ಯಾಂಥನೈಡ್ ಗುಂಪಿನ ಧಾತುಗಳ ಎಲೆಕ್ಟ್ರಾನ್ ರಚನೆ ಬಹಳ ಜಟಿಲವಾದ್ದರಿಂದ ಅವು ಲೆಕ್ಕವಿಲ್ಲದಷ್ಟು ತರಂಗಾಂತರಗಳಲ್ಲಿ ಬೆಳಕನ್ನು ತಡೆಯುತ್ತವೆ. ಅವು ಇಲ್ಲದ ವಸ್ತುವಿನ ಅಪಾರದರ್ಶಕತೆ ಗ್ರಾಂಗೆ 0.5ರಿಂದ 1 ಚದರ ಸೆಂಟಿಮೀಟರ್ ಇದ್ದರೆ, ಅವು ತುಂಬಿದ ವಸ್ತುವಿನದು 10ರ ಆಸುಪಾಸಿಗೆ ಏರುತ್ತದೆ. ಸೂರ್ಯನ ನೂರನೇ ಒಂದು ಭಾಗದಷ್ಟು ರಾಶಿ, ಬೆಳಕಿನ ಹತ್ತನೇ ಒಂದು ಭಾಗದಷ್ಟು ವೇಗದಲ್ಲಿ ಹೋಗುತ್ತಿದ್ದು ಅಪಾರದರ್ಶಕತೆ 1 ಇದ್ದರೆ ಹೊಳಪು ಸುಮಾರು ಒಂದೂವರೆ ದಿನದಲ್ಲಿ ಶಿಖರ ಮುಟ್ಟುತ್ತದೆ. ಅಪಾರದರ್ಶಕತೆ 10 ಆದರೆ ಅದೇ ಶಿಖರ ಐದನೇ ದಿನಕ್ಕೆ ಸರಿಯುತ್ತದೆ, ಬೆಳಕೂ ನೀಲಿಯಿಂದ ಕೆಂಪಿಗೆ, ಅವಕೆಂಪಿಗೆ ಜಾರುತ್ತದೆ. ಎಟಿ2017ಜಿಎಫ್‌ಒ ಇವೆರಡನ್ನೂ ತೋರಿಸಿತು: ನೀಲಿ ಬೆಳಕು ಎರಡು ಮೂರು ದಿನಗಳಲ್ಲಿ ಕುಸಿಯಿತು, ಅವಕೆಂಪು ಬೆಳಕು ಎರಡು ವಾರಗಳಷ್ಟು ಕಾಲ ಉಳಿಯಿತು. ಆದ್ದರಿಂದ ಕನಿಷ್ಠ ಎರಡು ಬಗೆಯ ವಸ್ತು ಅಲ್ಲಿ ಚಿಮ್ಮಿತ್ತು ಎಂದು ಬಹುತೇಕ ವಿಶ್ಲೇಷಣೆಗಳು ಹೇಳುತ್ತವೆ.

ಯಂತ್ರ ಕಲಿಕೆ ಯಾಕೆ ಬೇಕು

ಬೆಳಕು ವಸ್ತುವಿನೊಳಗೆ ಬಡಿದು, ಚದುರಿ, ಹೀರಿ ಹೊರಬರುವುದನ್ನು ಕಣಕಣವಾಗಿ ಅನುಸರಿಸುವ ವಿಕಿರಣ ಸಾಗಣೆಯ ಲೆಕ್ಕ ಬಹಳ ಭಾರವಾದದ್ದು. ಒಂದು ಲೆಕ್ಕಕ್ಕೆ ಒಂದೇ ಗಂಟೆ ಸಾಕು ಎಂದು ಉದಾರವಾಗಿ ಇಟ್ಟುಕೊಳ್ಳೋಣ. ವೀಕ್ಷಣೆಗೆ ಹೊಂದುವ ನಿಯತಾಂಕಗಳನ್ನು ಬೇಯೀಸಿಯನ್ ವಿಧಾನದಲ್ಲಿ, ಅಂದರೆ ಪ್ರತಿ ಬೆಲೆಯ ಸಂಭಾವ್ಯತೆಯನ್ನು ತೂಗುತ್ತ, ಹುಡುಕಲು ಕನಿಷ್ಠ ಒಂದು ಲಕ್ಷ ಲೆಕ್ಕಗಳಾದರೂ ಬೇಕು. ಒಂದು ಲಕ್ಷ ಗಂಟೆ ಎಂದರೆ ಹನ್ನೊಂದು ವರ್ಷಕ್ಕೂ ಮಿಕ್ಕಿದ ಕಾಲ.

ಇದಕ್ಕೆ ಪರಿಹಾರ ನಮ್ಮ ಕಾಲುವೆಗಳ ದಡದಲ್ಲೇ ನಿಂತಿದೆ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಎಷ್ಟು ಕ್ಯೂಸೆಕ್ ನೀರು ಹರಿಯುತ್ತಿದೆ ಎಂದು ತಿಳಿಯಲು ಯಾರೂ ದಿನವೂ ನೀರಿಗಿಳಿದು ವೇಗ ಅಳೆಯುವುದಿಲ್ಲ; ಗೇಜ್ ಎಷ್ಟು ಅಡಿ ಇದೆ ಎಂದು ನೋಡಿ, ಮೊದಲೇ ತಯಾರಿಸಿದ ಕೋಷ್ಟಕದಿಂದ ಕ್ಯೂಸೆಕ್ ಓದುತ್ತಾರೆ. ಆ ಕೋಷ್ಟಕವನ್ನು ಕಟ್ಟುವಾಗ ಮಾತ್ರ ಕೆಲವು ಆಳಗಳಲ್ಲಿ ನಿಜವಾದ ಅಳತೆ ನಡೆದಿರುತ್ತದೆ, ನಡುವಿನ ಆಳಗಳಿಗೆ ಗೆರೆ ಎಳೆದು ತುಂಬಿರುತ್ತಾರೆ. ಪರ್ಯಾಯ ಮಾದರಿ ಎಂದು ಕರೆಯುವುದೂ ಇದನ್ನೇ. ಆಯ್ದ ಕೆಲವು ನೂರು ಅಥವಾ ಸಾವಿರ ನಿಯತಾಂಕಗಳಿಗೆ ಭಾರವಾದ ಲೆಕ್ಕವನ್ನು ಒಮ್ಮೆ ಮಾಡಿಟ್ಟು, ನಡುವಿನ ಜಾಗಗಳನ್ನು ತುಂಬಲು ಯಂತ್ರಕ್ಕೆ ಕಲಿಸಬೇಕು. ಕಲಿತ ಮೇಲೆ ಪ್ರತಿ ಉತ್ತರ ಕೆಲವೇ ಮಿಲಿಸೆಕೆಂಡುಗಳಲ್ಲಿ ಬರುತ್ತದೆ. ಗೇಜಿನ ಈ ಹೋಲಿಕೆಯನ್ನು ನೆನಪಿಡಿ. ಮುಂದೆ ಬರುವ ಎರಡು ದೊಡ್ಡ ತಪ್ಪುಗಳನ್ನು ಅದೇ ವಿವರಿಸುತ್ತದೆ.

ತರಬೇತಿಯ ಕೋಷ್ಟಕವನ್ನು ನೀವೇ ಕಟ್ಟಿ

ಕೇಸನ್ ಮತ್ತು ಸಂಗಡಿಗರ 2017ರ ಮಾದರಿಗಳು, ಬುಲ್ಲಾ ಅವರ ಪೊಸಿಸ್ ಎಂಬ ಮೂರು ಆಯಾಮದ ಸಾಧನದಿಂದ ಬಂದ ಮಾದರಿಗಳು ಅಂತರ್ಜಾಲದಲ್ಲಿ ಮುಕ್ತವಾಗಿ ಸಿಗುತ್ತವೆ. ಆದರೂ ಮೊದಲ ಸಲ ಅವುಗಳಿಗೆ ಕೈ ಹಾಕಬೇಡಿ ಎಂಬುದು ನನ್ನ ಸಲಹೆ. ಸರಳ ಭೌತಶಾಸ್ತ್ರದಿಂದ ನೀವೇ ಒಂದು ಸಣ್ಣ ಕೋಷ್ಟಕ ಕಟ್ಟಿದರೆ, ಯಂತ್ರ ಎಲ್ಲಿ ತಪ್ಪಿತು ಎಂಬುದನ್ನು ಯಾವಾಗ ಬೇಕಾದರೂ ಮೂಲ ಸೂತ್ರದೊಡನೆ ಹೋಲಿಸಿ ನೋಡಬಹುದು.

ಚಿಮ್ಮಿದ ವಸ್ತುವನ್ನು ಉಬ್ಬುತ್ತಿರುವ ಒಂದೇ ಗೋಳ ಎಂದು ಭಾವಿಸಿ. ಅಪಾರದರ್ಶಕತೆ ಮತ್ತು ರಾಶಿಗಳ ಗುಣಲಬ್ಧವನ್ನು 2ರಿಂದ ಗುಣಿಸಿ, 13.4 ಎಂಬ ಸ್ಥಿರಾಂಕ, ವಿಸ್ತರಣೆಯ ವೇಗ ಮತ್ತು ಬೆಳಕಿನ ವೇಗ ಈ ಮೂರರ ಗುಣಲಬ್ಧದಿಂದ ಭಾಗಿಸಿ, ವರ್ಗಮೂಲ ತೆಗೆದರೆ ವಿಸರಣದ ಕಾಲ, ಅಂದರೆ ಬೆಳಕು ಹೊರಬರಲು ಬೇಕಾದ ಕಾಲ, ಸಿಗುತ್ತದೆ. ಆ ಕಾಲವನ್ನಿಟ್ಟುಕೊಂಡು ಒಳಗಿನ ಶಾಖ ಬೆಳಕಾಗಿ ಹೊರಬರುವುದನ್ನು ಲೆಕ್ಕ ಹಾಕುವ ಆರ್ನೆಟ್ ಸೂತ್ರದ ಸಮಾಕಲನವನ್ನು ಪೈಥಾನ್‌ನ ಸೈಪೈ ಗ್ರಂಥಾಲಯದಿಂದ ಮಾಡಿದರೆ ಪ್ರತಿ ಕ್ಷಣದ ಒಟ್ಟು ಹೊಳಪು ದೊರೆಯುತ್ತದೆ. ವೇಗವನ್ನು ಕಾಲದಿಂದ ಗುಣಿಸಿ ತ್ರಿಜ್ಯ, ಸ್ಟೀಫನ್-ಬೋಲ್ಟ್ಸ್‌ಮನ್ ನಿಯಮದಿಂದ ತಾಪ, ಪ್ಲಾಂಕ್ ಸೂತ್ರದಿಂದ ಪ್ರತಿ ಫಿಲ್ಟರಿನ ಕಾಂತಿಮಾನ (ಹೊಳಪಿನ ಲಾಗರಿದಮ್ ಅಳತೆ; ಹೊಳಪು ಹೆಚ್ಚಿದಷ್ಟೂ ಸಂಖ್ಯೆ ಕಡಿಮೆ) ತೆಗೆಯಿರಿ. ತಾಪ ಸುಮಾರು 2,500 ಕೆಲ್ವಿನ್‌ಗೆ ಇಳಿದ ಮೇಲೆ ಅದನ್ನು ಅಲ್ಲೇ ನಿಲ್ಲಿಸಿ ತ್ರಿಜ್ಯವನ್ನು ಕುಗ್ಗಲು ಬಿಡಬೇಕು. ಹೀಗೆ ಮಾಡದಿದ್ದರೆ ಕೊನೆಯ ದಿನಗಳ ಬಣ್ಣ ಪೂರ್ತಿ ಕೆಡುತ್ತದೆ. ಏಕಮಾನಗಳ ಬಗ್ಗೆಯೂ ಎಚ್ಚರ ಇರಲಿ. ದಿನ ಮತ್ತು ಸೆಕೆಂಡು ಬೆರೆತುಹೋದ ಕಂಪ್ಯೂಟರ್ ಕಾರ್ಯಕ್ರಮಗಳನ್ನು ನಾನು ವಿದ್ಯಾರ್ಥಿಗಳ ಬಳಿ ಅನೇಕ ಸಲ ಕಂಡಿದ್ದೇನೆ, ನನ್ನದೇ ಕಡತದಲ್ಲಿಯೂ ಕಂಡಿದ್ದೇನೆ.

ನಿಯತಾಂಕಗಳ ವ್ಯಾಪ್ತಿಯನ್ನು ಹೀಗೆ ಇಟ್ಟುಕೊಳ್ಳಬಹುದು: ರಾಶಿ 0.001ರಿಂದ 0.1 ಸೌರರಾಶಿ, ವೇಗ ಬೆಳಕಿನ ವೇಗದ 0.03ರಿಂದ 0.3 ಪಾಲು, ಅಪಾರದರ್ಶಕತೆ 0.5ರಿಂದ 30. ಮೂರನ್ನೂ ಲಾಗರಿದಮ್ ಅಳತೆಯಲ್ಲಿ ಹರಡಿ. ಸಮಾನ ಅಂತರದ ಚೌಕಳಿಗಿಂತ ಸೋಬೋಲ್ ಸರಣಿಯ ಬಿಂದುಗಳು ಜಾಗವನ್ನು ಚೆನ್ನಾಗಿ ತುಂಬುತ್ತವೆ. ಆ ಸರಣಿಗೆ ಎರಡರ ಘಾತಗಳು ಹೊಂದುತ್ತವಾದ್ದರಿಂದ 1,024 ಬಿಂದುಗಳನ್ನು ಆರಿಸಿ. ಸೈಪೈಯಲ್ಲಿ ಇದಕ್ಕೆ ಸಿದ್ಧ ಸೌಲಭ್ಯವಿದೆ. ಪ್ರತಿ ಬಿಂದುವಿಗೆ 0.1 ದಿನದಿಂದ 14 ದಿನದವರೆಗಿನ 100 ಕ್ಷಣಗಳಲ್ಲಿ, ಯು, ಜಿ, ಆರ್, ಐ, ಜೆಡ್, ವೈ, ಜೆ, ಎಚ್, ಕೆ ಎಂಬ ಒಂಬತ್ತು ಫಿಲ್ಟರ್‌ಗಳ ಕಾಂತಿಮಾನ ಬರೆದಿಡಿ. ಕ್ಷಣಗಳನ್ನೂ ಲಾಗರಿದಮ್ ಅಂತರದಲ್ಲಿ ಇಡುವುದು ಒಳ್ಳೆಯದು, ಏಕೆಂದರೆ ಮೊದಲ ದಿನದಲ್ಲಿ ಆಗುವಷ್ಟು ಬದಲಾವಣೆ ಕೊನೆಯ ವಾರದಲ್ಲಿ ಆಗುವುದಿಲ್ಲ.

ಇಲ್ಲಿ ಒಂದು ಊರಿನ ಮಾತು. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ರಾಯಚೂರಿನಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಲ್ಯಾಪ್‌ಟಾಪ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಕರೆಂಟೂ ಹೇಳಿ ಹೋಗುವುದಿಲ್ಲ. ಪ್ರತಿ 50 ಬಿಂದುಗಳಿಗೊಮ್ಮೆ ಫಲಿತಾಂಶವನ್ನು ಕಡತಕ್ಕೆ ಉಳಿಸುವಂತೆ ಕಾರ್ಯಕ್ರಮ ಬರೆಯಿರಿ, ದೀರ್ಘ ಲೆಕ್ಕಗಳನ್ನು ನಸುಕಿನಲ್ಲಿ ಓಡಿಸಿ.

ದತ್ತಾಂಶವನ್ನು ಹದ ಮಾಡುವುದು

ಹಸಿ ಸಂಖ್ಯೆಗಳನ್ನು ಯಂತ್ರಕ್ಕೆ ನೇರವಾಗಿ ಕೊಡಬಾರದು. ನಿಯತಾಂಕಗಳ ಲಾಗರಿದಮ್‌ಗಳನ್ನು 0ರಿಂದ 1ರ ನಡುವೆ ತನ್ನಿ. ಪ್ರತಿ ಫಿಲ್ಟರಿನ ಕಾಂತಿಮಾನಗಳಿಂದ ಅವುಗಳ ಸರಾಸರಿ ಕಳೆದು, ಹರವಿನಿಂದ ಭಾಗಿಸಿ. ಬೆಳಕಿನ ಹರಿವಿನ ಬದಲು ಕಾಂತಿಮಾನದಲ್ಲೇ ಕಲಿಸುವುದಕ್ಕೆ ಕಾರಣವಿದೆ: ಹರಿವು ಎರಡು ವಾರಗಳಲ್ಲಿ ಸಾವಿರಾರು ಪಟ್ಟು ಇಳಿಯುವುದರಿಂದ, ಅದನ್ನೇ ಕೊಟ್ಟರೆ ಯಂತ್ರವು ಮೊದಲ ದಿನವನ್ನು ಮಾತ್ರ ಕಲಿತು ಉಳಿದದ್ದನ್ನು ಕಡೆಗಣಿಸುತ್ತದೆ.

ಈಗ ಪ್ರತಿ ಫಿಲ್ಟರಿಗೂ 1,024 ಸಾಲು, 100 ಕಂಬಗಳ ಒಂದು ಮಾತೃಕೆ ಸಿದ್ಧವಾಯಿತು. ಒಂದು ಸಾಲೆಂದರೆ ಒಂದು ರೇಖೆ, ಕಾಲದೊಡನೆ ಕಾಂತಿಮಾನ ಬದಲಾಗುವ ಬಗೆ. ಅದರ ನೂರು ಸಂಖ್ಯೆಗಳು ಒಂದಕ್ಕೊಂದು ಸಂಬಂಧವಿಲ್ಲದವೇನಲ್ಲ. ಬೆಳಕು ಏರಿ ಇಳಿಯುವ ಬಗೆಗಳು ಕೆಲವೇ. ಎಸ್‌ವಿಡಿ ಎಂಬ ಮಾತೃಕೆ ವಿಭಜನೆಯು ಆ ಕೆಲವು ಮೂಲ ಆಕಾರಗಳನ್ನು ಹೆಕ್ಕಿ ಕೊಡುತ್ತದೆ, ಮತ್ತು ಪ್ರತಿ ರೇಖೆಯನ್ನೂ ಆ ಆಕಾರಗಳ ಮಿಶ್ರಣವಾಗಿ ಬರೆಯಲು ಬರುತ್ತದೆ. ಮೊದಲ 10 ಆಕಾರಗಳನ್ನು ಇಟ್ಟುಕೊಂಡು, ಅವುಗಳಿಂದಲೇ ಮೂಲ ರೇಖೆಗಳನ್ನು ಮರಳಿ ಕಟ್ಟಿ ನೋಡಿ. ವ್ಯತ್ಯಾಸ 0.02 ಕಾಂತಿಮಾನಕ್ಕಿಂತ ಹೆಚ್ಚಿದ್ದರೆ ಆಕಾರಗಳ ಸಂಖ್ಯೆ ಹೆಚ್ಚಿಸಿ. ಇದರ ನಂತರ ಯಂತ್ರ ಕಲಿಯಬೇಕಾದದ್ದು ಇಷ್ಟೇ: ಮೂರು ನಿಯತಾಂಕ ಕೊಟ್ಟರೆ ಹತ್ತು ಗುಣಾಂಕ ಹೇಳುವುದು. ಪೊಸಿಸ್‌ನಂಥ ಸಾಧನಗಳ ಮಾದರಿ ಬಳಸುವವರು, ಕೊನೆಯ ದಿನಗಳಲ್ಲಿ ಬೆಳಕಿನ ಕಣಗಳು ವಿರಳವಾಗಿ ರೇಖೆ ನಡುಗುವುದನ್ನು ವಿಭಜನೆಗೆ ಮೊದಲೇ ನಯಗೊಳಿಸಬೇಕು. ಇಲ್ಲವಾದರೆ ಆ ನಡುಕವೂ ಒಂದು ಆಕಾರವೆಂದು ಲೆಕ್ಕಕ್ಕೆ ಬರುತ್ತದೆ.

ಕಲಿಸುವ ವಿಧಾನದ ಆಯ್ಕೆ

ಗಾಸಿಯನ್ ಪ್ರೊಸೆಸ್ ಮತ್ತು ನ್ಯೂರಲ್ ನೆಟ್‌ವರ್ಕ್ ಎಂಬ ಎರಡು ದಾರಿಗಳಿವೆ. ಹೊಸಬರು ಮೊದಲನೆಯದರಿಂದ ಆರಂಭಿಸುವುದು ಮೇಲು. ಗಾಸಿಯನ್ ಪ್ರೊಸೆಸ್ ಉತ್ತರದ ಜೊತೆಗೆ ತನಗೆಷ್ಟು ಅನುಮಾನವಿದೆ ಎಂಬುದನ್ನೂ ಹೇಳುತ್ತದೆ, ಸಾವಿರದಷ್ಟು ಬಿಂದುಗಳಿಂದಲೇ ಚೆನ್ನಾಗಿ ಕಲಿಯುತ್ತದೆ. ಸೈಕಿಟ್-ಲರ್ನ್ ಗ್ರಂಥಾಲಯದಲ್ಲಿ ಪ್ರತಿ ನಿಯತಾಂಕಕ್ಕೂ ಬೇರೆ ಬೇರೆ ಉದ್ದಳತೆ ಇರುವ ಆರ್‌ಬಿಎಫ್ ಕರ್ನೆಲ್ (ಹತ್ತಿರದ ಬಿಂದುಗಳ ಉತ್ತರಗಳು ಎಷ್ಟು ಹೋಲುತ್ತವೆ ಎಂದು ಹೇಳುವ ಸೂತ್ರ) ಆರಿಸಿ, ಅದಕ್ಕೆ ಸಣ್ಣ ಗದ್ದಲದ ಪದವೊಂದನ್ನು ಕೂಡಿಸಿ. ಒಂಬತ್ತು ಫಿಲ್ಟರ್, ಪ್ರತಿಯೊಂದಕ್ಕೆ ಹತ್ತು ಗುಣಾಂಕ, ಒಟ್ಟು ತೊಂಬತ್ತು ಪುಟ್ಟ ಮಾದರಿಗಳಾಗುತ್ತವೆ. ಬಿಂದುಗಳ ಸಂಖ್ಯೆ ಎರಡು ಪಟ್ಟಾದರೆ ಇದರ ಶ್ರಮ ಎಂಟು ಪಟ್ಟಾಗುವುದರಿಂದ, ಹತ್ತಾರು ಸಾವಿರ ಬಿಂದುಗಳಿದ್ದಾಗ ನ್ಯೂರಲ್ ನೆಟ್‌ವರ್ಕ್ ಕಡೆಗೆ ಹೊರಳಬೇಕಾಗುತ್ತದೆ. ಆಗಲೂ 64ರಿಂದ 128 ಘಟಕಗಳ ಎರಡು ಪದರಗಳು ಸಾಕು.

ತರಬೇತಿಯ ಗುಂಡಿ ಒತ್ತುವುದು ಈ ಕೆಲಸದ ಅತಿ ಚಿಕ್ಕ ಭಾಗ. ಅದಕ್ಕಾಗಿ ಹೆಚ್ಚು ಬರೆಯುವುದಿಲ್ಲ.

ಪರೀಕ್ಷೆಯಲ್ಲೇ ಎಲ್ಲ ಇದೆ

ಒಟ್ಟು ಬಿಂದುಗಳಲ್ಲಿ ಐದನೇ ಒಂದು ಭಾಗವನ್ನು ಆರಂಭದಲ್ಲೇ ಬೇರೆ ತೆಗೆದಿಟ್ಟು, ಯಂತ್ರ ಅವನ್ನು ನೋಡದಂತೆ ಕಾಯಬೇಕು. ಸರಾಸರಿ ಕಳೆಯುವುದು, ಎಸ್‌ವಿಡಿ ಮಾಡುವುದು ಕೂಡ ಉಳಿದ ನಾಲ್ಕು ಭಾಗದ ಮೇಲೆಯೇ ನಡೆಯಬೇಕು. ನೋಡುವ ಕೋನವಿರುವ ಮಾದರಿಗಳಲ್ಲಿ ಇದು ಇನ್ನೂ ಸೂಕ್ಷ್ಮ. ಎರಡು ಆಯಾಮದ ಒಂದೇ ಸಿಮ್ಯುಲೇಶನ್ನಿನಿಂದ ಹಲವು ಕೋನಗಳ ರೇಖೆಗಳು ಬರುತ್ತವೆ, ಅವು ಅಣ್ಣತಮ್ಮಂದಿರಂತೆ ಒಂದನ್ನೊಂದು ಹೋಲುತ್ತವೆ. ಒಮ್ಮೆ ನಾನು ಎಲ್ಲ ರೇಖೆಗಳನ್ನು ಕಲಸಿ ಚೀಟಿ ಎತ್ತಿದಂತೆ ಭಾಗ ಮಾಡಿದ್ದೆ. ಪರೀಕ್ಷೆಯ ಫಲಿತಾಂಶ ನಂಬಲಾಗದಷ್ಟು ಚೆನ್ನಾಗಿ ಬಂತು. ಒಂದು ಸಿಮ್ಯುಲೇಶನ್ನಿನ ಎಲ್ಲ ಕೋನಗಳೂ ಒಂದೇ ಕಡೆ ಇರುವಂತೆ ಮರುಭಾಗ ಮಾಡಿದ ಕೂಡಲೇ ದೋಷ ದಿಢೀರನೆ ಏರಿತು. ಮೊದಲ ಸಲ ಯಂತ್ರ ಏನನ್ನೂ ಕಲಿತಿರಲಿಲ್ಲ, ತಮ್ಮನ ಮುಖ ನೋಡಿ ಅಣ್ಣನನ್ನು ಗುರುತಿಸಿತ್ತು, ಅಷ್ಟೇ.

ಸರಾಸರಿ ದೋಷವೊಂದನ್ನೇ ನೋಡಿ ತೃಪ್ತರಾಗಬೇಡಿ. ಅತಿ ಕೆಟ್ಟ ಹತ್ತು ರೇಖೆಗಳನ್ನು ಚಿತ್ರ ಬರೆದು ನೋಡಿ. ದೋಷವನ್ನು ದಿನಗಳ ಎದುರು, ಪ್ರತಿ ನಿಯತಾಂಕದ ಎದುರು ಹರಡಿ ನೋಡಿ. ಬಹುಪಾಲು ತಪ್ಪು ವ್ಯಾಪ್ತಿಯ ಅಂಚಿನಲ್ಲಿ ಮತ್ತು ತಾಪ ನಿಂತುಬಿಡುವ ಆ ತಿರುವಿನ ಕ್ಷಣದಲ್ಲಿ ಕಾಣಿಸುತ್ತದೆ. ಗಾಸಿಯನ್ ಪ್ರೊಸೆಸ್ ಹೇಳುವ ಅನುಮಾನವೂ ನಿಜವೇ ಎಂದು ಪರೀಕ್ಷಿಸಬೇಕು: ಅದು ಕೊಡುವ ಒಂದು ಸಿಗ್ಮಾ ಪಟ್ಟೆಯೊಳಗೆ ನಿಜವಾದ ಬೆಲೆ ನೂರಕ್ಕೆ ಸುಮಾರು 68 ಸಲ ಬೀಳದಿದ್ದರೆ ಆ ಪಟ್ಟೆಯನ್ನು ನಂಬಲಾಗದು.

ಗೇಜಿನ ಮೊದಲ ಪಾಠ ಇಲ್ಲಿದೆ. ಆರು ಅಡಿಯವರೆಗೆ ಅಳೆದು ಕಟ್ಟಿದ ಕೋಷ್ಟಕ ಎಂಟು ಅಡಿಯ ಪ್ರವಾಹಕ್ಕೆ ಉತ್ತರ ಕೊಡಲಾರದು. ತರಬೇತಿಯ ವ್ಯಾಪ್ತಿಯ ಹೊರಗಿನ ನಿಯತಾಂಕ ಬಂದರೆ ನಿಮ್ಮ ಕಾರ್ಯಕ್ರಮ ಉತ್ತರ ಹೇಳದೆ ನಿಲ್ಲಬೇಕು. ಇದಕ್ಕೆ ಎರಡು ಸಾಲಿನ ಸೂಚನೆ ಸಾಕು, ಆದರೆ ಬಹಳ ಜನ ಬರೆಯುವುದಿಲ್ಲ.

ನಿಜವಾದ ಬೆಳಕಿಗೆ ಹೊಂದಿಸುವುದು

ಎಟಿ2017ಜಿಎಫ್‌ಒದ ಕಾಂತಿಮಾನಗಳ ಸಂಗ್ರಹ ಮುಕ್ತವಾಗಿ ಲಭ್ಯವಿದೆ. ದೂರ ಸುಮಾರು 40 ಮೆಗಾಪಾರ್ಸೆಕ್, ಅಂದರೆ ಸುಮಾರು 13 ಕೋಟಿ ಜ್ಯೋತಿರ್ವರ್ಷ. ಆದ್ದರಿಂದ ನಿಮ್ಮ ಮಾದರಿಯ ನಿರಪೇಕ್ಷ ಕಾಂತಿಮಾನಕ್ಕೆ 33.0 ಕೂಡಿಸಿದರೆ ಕಾಣುವ ಕಾಂತಿಮಾನ ಬರುತ್ತದೆ. ನಮ್ಮ ಕ್ಷೀರಪಥದ ಧೂಳು ಬೆಳಕನ್ನು ಮಂಕಾಗಿಸಿ ಕೆಂಪಾಗಿಸುವುದನ್ನೂ ಫಿಲ್ಟರ್‌ವಾರು ತಿದ್ದಬೇಕು; ನೀಲಿ ಫಿಲ್ಟರ್‌ಗಳಲ್ಲಿ ಇದನ್ನು ಮರೆತರೆ ರಾಶಿಯ ಉತ್ತರವೇ ಬದಲಾಗುತ್ತದೆ.

ನೀಲಿ ಮತ್ತು ಕೆಂಪು ಭಾಗಗಳಿಗೆ ಒಂದೇ ಪರ್ಯಾಯ ಮಾದರಿಯನ್ನು ಎರಡು ಸಲ ಕರೆಯಿರಿ, ಒಮ್ಮೆ ಕಡಿಮೆ ಅಪಾರದರ್ಶಕತೆಯಿಂದ, ಇನ್ನೊಮ್ಮೆ ಹೆಚ್ಚಿನದರಿಂದ. ಎರಡನ್ನೂ ಕೂಡಿಸುವಾಗ ಕಾಂತಿಮಾನಗಳನ್ನು ಕೂಡಿಸಬಾರದು; ಎರಡನ್ನೂ ಹರಿವಿಗೆ ಬದಲಿಸಿ, ಕೂಡಿಸಿ, ಮತ್ತೆ ಕಾಂತಿಮಾನಕ್ಕೆ ತರಬೇಕು. ಒಂದು ಭಾಗದ ಬೆಳಕನ್ನು ಇನ್ನೊಂದು ಭಾಗ ಹೀರಿ ಮರಳಿ ಬಿಡುವುದನ್ನು ಈ ಕೂಡಿಕೆ ಲೆಕ್ಕಿಸುವುದಿಲ್ಲ, ಹಲವು ಆಯಾಮದ ಸಿಮ್ಯುಲೇಶನ್‌ಗಳ ಅಗತ್ಯ ಹುಟ್ಟುವುದು ಅಲ್ಲಿಂದಲೇ.

ಹುಡುಕಾಟಕ್ಕೆ ಡೈನೆಸ್ಟಿ ಎಂಬ ಪೈಥಾನ್ ಸಾಧನ ಅನುಕೂಲವಾಗಿದೆ. ಯಾವುದೋ ರಾತ್ರಿ ಏನೂ ಕಾಣಿಸಲಿಲ್ಲ, ಇಂತಿಷ್ಟಕ್ಕಿಂತ ಮಂಕಾಗಿತ್ತು ಎಂಬ ವರದಿಗಳನ್ನು ಎಸೆಯಬೇಡಿ. ಮಾದರಿ ಆ ಮಿತಿಗಿಂತ ಮಂಕಾಗಿರುವ ಸಂಭಾವ್ಯತೆಯನ್ನು ಗಾಸಿಯನ್‌ನ ಸಂಚಿತ ಫಲನದಿಂದ ತೆಗೆದು ಲೆಕ್ಕಕ್ಕೆ ಸೇರಿಸಿ. 2019ರ ಏಪ್ರಿಲ್ 25ರ ವಿಲೀನದಲ್ಲಿ ಯಾವ ಬೆಳಕೂ ಪತ್ತೆಯಾಗಲಿಲ್ಲ. ಅಂಥ ಘಟನೆಗಳಲ್ಲಿ ಚಿಮ್ಮಿದ ವಸ್ತುವಿನ ಬಗ್ಗೆ ದೂರದರ್ಶಕಗಳ ವರದಿಯಿಂದ ಏನಾದರೂ ಹೇಳಲು ಇರುವ ದಾರಿ ಇದು.

ಇನ್ನು ಗೇಜಿನ ಎರಡನೇ ಪಾಠ. ಕಾಲುವೆಯ ತಳದಲ್ಲಿ ಹೂಳು ತುಂಬಿದ್ದರೆ ಗೇಜ್ ಸರಿಯಾಗಿಯೇ ಅಡಿ ತೋರಿಸುತ್ತದೆ, ಕೋಷ್ಟಕವೂ ಸರಿಯಾಗಿಯೇ ಓದುತ್ತದೆ, ಆದರೆ ಮಾನ್ವಿ, ಸಿರವಾರ ಕಡೆಯ ಕೊನೆ ಭಾಗದ ರೈತರ ಹೊಲಕ್ಕೆ ಲೆಕ್ಕದಷ್ಟು ನೀರು ಮುಟ್ಟುವುದಿಲ್ಲ. ಕಿಲೋನೋವಾ ಮಾದರಿಗಳಲ್ಲೂ ಹೂಳು ಇದೆ. ಲ್ಯಾಂಥನೈಡ್‌ಗಳ ಅಪಾರದರ್ಶಕತೆ, ಶಾಖದ ದರ, ಆ ಶಾಖದಲ್ಲಿ ಎಷ್ಟು ಪಾಲು ವಸ್ತುವಿನಲ್ಲೇ ಉಳಿಯುತ್ತದೆ ಎಂಬುದು, ಇವೆಲ್ಲ ಇನ್ನೂ ಪೂರ್ತಿ ಖಚಿತವಾಗಿಲ್ಲ. ಪರ್ಯಾಯ ಮಾದರಿ ಎಷ್ಟೇ ನಿಖರವಾಗಿದ್ದರೂ ಅದು ಕಲಿತದ್ದು ಆ ಹೂಳು ತುಂಬಿದ ಕಾಲುವೆಯಿಂದ. ಆದ್ದರಿಂದ ಅಳತೆಯ ದೋಷದ ಜೊತೆಗೆ ಮಾದರಿಯ ದೋಷವನ್ನೂ ವರ್ಗಗಳ ಮೊತ್ತದ ರೀತಿಯಲ್ಲಿ ಸೇರಿಸಬೇಕು. ಎಟಿ2017ಜಿಎಫ್‌ಒದ ಆರಂಭದ ಇಂಥ ವಿಶ್ಲೇಷಣೆಯೊಂದರಲ್ಲಿ 1 ಕಾಂತಿಮಾನದಷ್ಟು ದೊಡ್ಡ ದೋಷವನ್ನೇ ಇಟ್ಟಿದ್ದರು. ನೀವು 0.3, 0.5 ಮತ್ತು 1 ಎಂದು ಮೂರು ಸಲ ಓಡಿಸಿ, ಉತ್ತರ ಎಷ್ಟು ಅಲುಗಾಡುತ್ತದೆ ಎಂಬುದನ್ನು ನೋಡಿ. ಇದನ್ನು ಸೊನ್ನೆಗೆ ಇಟ್ಟರೆ ಬರುವ ಅಚ್ಚುಕಟ್ಟಾದ, ಇಕ್ಕಟ್ಟಾದ ಉತ್ತರ ನೋಡಲು ಚಂದ, ನಂಬಲು ಅಲ್ಲ.

ನಿಜವಾದ ದತ್ತಾಂಶಕ್ಕೆ ಮೊದಲು ಸುಳ್ಳು ದತ್ತಾಂಶದಿಂದ ಒಂದು ಪರೀಕ್ಷೆ ಮಾಡಿ. ನಿಮಗೆ ಗೊತ್ತಿರುವ ನಿಯತಾಂಕಗಳಿಂದ ಮೂಲ ಸೂತ್ರದಲ್ಲೇ ಒಂದು ರೇಖೆ ತಯಾರಿಸಿ, ಅದಕ್ಕೆ ಗದ್ದಲ ಸೇರಿಸಿ, ಆ ನಿಯತಾಂಕಗಳು ಮರಳಿ ಸಿಗುತ್ತವೆಯೇ ಎಂದು ನೋಡಿ. ಸಿಕ್ಕರೆ ಮುಂದುವರಿಯಿರಿ. ಎಟಿ2017ಜಿಎಫ್‌ಒಗೆ ಪ್ರಕಟವಾದ ವಿಶ್ಲೇಷಣೆಗಳಲ್ಲಿ ಚಿಮ್ಮಿದ ಒಟ್ಟು ರಾಶಿ ಸುಮಾರು 0.05 ಸೌರರಾಶಿಯ ಆಸುಪಾಸಿನಲ್ಲಿದೆ, ಅಂದರೆ 16,000ಕ್ಕೂ ಹೆಚ್ಚು ಭೂಮಿಗಳ ತೂಕ. ನಿಮ್ಮ ಸರಳ ಗೋಳದ ಮಾದರಿಯೂ ಅದರ ಹತ್ತಿರಕ್ಕೆ ಬರಬೇಕು. ಹತ್ತು ಪಟ್ಟು ಹೆಚ್ಚು ಅಥವಾ ಕಡಿಮೆ ಬಂದರೆ ದೂರದ ತಿದ್ದುಪಡಿ, ಧೂಳಿನ ತಿದ್ದುಪಡಿ, ದಿನ ಮತ್ತು ಸೆಕೆಂಡು, ಇದೇ ಕ್ರಮದಲ್ಲಿ ತಪ್ಪು ಹುಡುಕಿ. ಉತ್ತರವು ನೀವು ಕೊಟ್ಟ ವ್ಯಾಪ್ತಿಯ ಗೋಡೆಗೆ ಆನಿಕೊಂಡು ನಿಂತಿದ್ದರೆ ಅದು ಉತ್ತರವಲ್ಲ. ವ್ಯಾಪ್ತಿ ಹಿಗ್ಗಿಸಿ ಕೋಷ್ಟಕವನ್ನು ಮತ್ತೆ ಕಟ್ಟಬೇಕು.

ಇಷ್ಟಾದ ಮೇಲೆ ಪೊಸಿಸ್ ಮಾದರಿಗಳಿಗೆ, ಮತ್ತು ಅವನ್ನು ಬಳಸುವ ಎನ್‌ಎಂಎಂಎ ಎಂಬ ಮುಕ್ತ ತಂತ್ರಾಂಶಕ್ಕೆ ಹೋಗಲು ನಿಮಗೆ ಅಡ್ಡಿಯಿಲ್ಲ. ಅಲ್ಲಿಯೂ ಗುಣಾಂಕಗಳಿಗೆ ಇಳಿಸಿ ಯಂತ್ರಕ್ಕೆ ಕಲಿಸುವ ಇದೇ ಕ್ರಮವಿದೆ, ನಿಯತಾಂಕಗಳಿಗೆ ನೋಡುವ ಕೋನವೂ ಸೇರಿಕೊಳ್ಳುತ್ತದೆ. ತರಬೇತಿಯಾದ ಮಾದರಿಯನ್ನು ಉಳಿಸುವಾಗ ಅದೇ ಫೋಲ್ಡರಿನಲ್ಲಿ ಪುಟ್ಟ ಪಠ್ಯ ಕಡತವೊಂದನ್ನು ಇಡಿ: ಪ್ರತಿ ನಿಯತಾಂಕದ ಕನಿಷ್ಠ ಮತ್ತು ಗರಿಷ್ಠ ಬೆಲೆ, ಗ್ರಂಥಾಲಯಗಳ ಆವೃತ್ತಿ, ಯಾದೃಚ್ಛಿಕ ಬೀಜ ಸಂಖ್ಯೆ, ಪರೀಕ್ಷೆಯಲ್ಲಿ ಕಂಡ ಅತಿ ದೊಡ್ಡ ದೋಷ ಅದರಲ್ಲಿರಲಿ. ಮಾದರಿ ಮತ್ತು ಟಿಪ್ಪಣಿ ಎರಡೂ ಒಂದು ಪೆನ್‌ಡ್ರೈವಿನಲ್ಲಿ ಹಿಡಿಯುತ್ತವೆ. ಸಿಂಧನೂರಿನ ಗೆಳೆಯನಿಗೋ ಗಂಗಾವತಿಯ ಗೆಳತಿಗೋ ಕೊಟ್ಟು, ನಿಮ್ಮ ಸಹಾಯವಿಲ್ಲದೆ ಅದನ್ನು ಓಡಿಸಲು ಹೇಳಿ.